ನಾಜಿ ಆಳ್ವಿಕೆಗೆ ಜರ್ಮನರ ಪ್ರತಿರೋಧ (1939–1945)

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಒಳಗಿದ್ದುಕೊಂಡೇ ಹಿಟ್ಲರನ ಸರ್ಕಾರಕ್ಕೆ ಎದುರು ನಿಂತವರು ಒಂದೇ ಸಂಘಟನೆಯವರಲ್ಲ, ಒಂದೇ ಸಿದ್ಧಾಂತದವರೂ ಅಲ್ಲ. ಸೇನಾಧಿಕಾರಿಗಳು, ಪಾದ್ರಿಗಳು, ಕಮ್ಯುನಿಸ್ಟ್ ಕಾರ್ಮಿಕರು, ವಿದ್ಯಾರ್ಥಿಗಳು, ಯಾವ ಪಕ್ಷದ ಹಂಗೂ ಇಲ್ಲದ ಒಂಟಿಗರು ಹೀಗೆ ಹಲವು ಬಗೆಯವರಿದ್ದರು. ಬಹುಪಾಲು ಪರಸ್ಪರ ಅಪರಿಚಿತರು. ಆದರೆ ಜನಪ್ರಿಯ ಬರಹಗಳಲ್ಲಿ ಈ ಇತಿಹಾಸ ಎರಡು ಘಟನೆಗಳಿಗೆ ಇಳಿದಿದೆ. ಒಂದು, ಮ್ಯೂನಿಕ್ ವಿದ್ಯಾರ್ಥಿಗಳ ‘ಬಿಳಿ ಗುಲಾಬಿ’ ಗುಂಪಿನ ಕರಪತ್ರಗಳು. ಅವುಗಳಿಗಾಗಿ ಹಾನ್ಸ್ ಷೋಲ್, ಸೋಫಿ ಷೋಲ್, ಕ್ರಿಸ್ಟೋಫ್ ಪ್ರೋಬ್ಸ್ಟ್ 1943ರ ಫೆಬ್ರವರಿ 22ರಂದು ತಲೆ ಕೊಟ್ಟರು. ಇನ್ನೊಂದು, 1944ರ ಜುಲೈ 20ರಂದು ಪೂರ್ವ ಪ್ರಷ್ಯಾದ ಸೇನಾ ಕೇಂದ್ರದಲ್ಲಿ ಕರ್ನಲ್ ಷ್ಟೌಫೆನ್‌ಬರ್ಗ್ ಹಿಟ್ಲರನನ್ನು ಕೊಲ್ಲಲು ಇಟ್ಟ ಬಾಂಬು. ಇವೆರಡರ ಬಗ್ಗೆ ಬೇಕಾದಷ್ಟು ಬರವಣಿಗೆಯಾಗಿದೆ. ಉಳಿದವರು ಹಿನ್ನೆಲೆಗೆ ಸರಿದದ್ದು ಅವರು ಮಾಡಿದ್ದು ಕಡಿಮೆಯೆಂದಲ್ಲ. ಯುದ್ಧದ ನಂತರದ ಎರಡು ಜರ್ಮನಿಗಳೂ ತಮ್ಮ ರಾಜಕೀಯಕ್ಕೆ ಒದಗುವ ಹುತಾತ್ಮರನ್ನಷ್ಟೇ ಆರಿಸಿಕೊಂಡವು. ಮಿಕ್ಕವರ ದಾಖಲೆಗಳು ಕೊಂದವರ ಕಡತಗಳಲ್ಲೇ ಉಳಿದವು.

ಬಡಗಿ ಗೇಯೋರ್ಗ್ ಎಲ್ಸರನದು ಇದಕ್ಕೆ ಸ್ಪಷ್ಟ ಉದಾಹರಣೆ. ಮ್ಯೂನಿಕ್ಕಿನ ಬ್ಯುರ್ಗರ್‌ಬ್ರಾಯ್ ಬಿಯರ್ ಸಭಾಂಗಣದಲ್ಲಿ 30ಕ್ಕೂ ಹೆಚ್ಚು ರಾತ್ರಿ ಅಡಗಿ ಕುಳಿತು, ಟಾರ್ಚಿಗೆ ಬಟ್ಟೆ ಸುತ್ತಿ, ಹಿಟ್ಲರನ ಭಾಷಣದ ವೇದಿಕೆಯ ಹಿಂದಿನ ಕಂಬವನ್ನು ಮೊಣಕಾಲೂರಿ ಕೊರೆದು, ಅದರೊಳಗೆ ಗಡಿಯಾರದ ಯಂತ್ರ ಜೋಡಿಸಿದ ಬಾಂಬನ್ನು ಕೂರಿಸಿದ್ದ. 1939ರ ನವೆಂಬರ್ 8ರ ರಾತ್ರಿ 9:20ಕ್ಕೆ ಅದು ಹೇಳಿದ ಸಮಯಕ್ಕೇ ಸಿಡಿಯಿತು; ಹಿಟ್ಲರ್ 13 ನಿಮಿಷ ಮೊದಲೇ ಹೊರಟುಹೋಗಿದ್ದ. ಸತ್ತವರು ಎಂಟು ಜನ. ಒಬ್ಬ ಕೂಲಿಯಾಳಿಗೆ ಇಂಥದ್ದು ಸಾಧ್ಯವೇ ಇಲ್ಲವೆಂದು ನಾಜಿಗಳು ಬ್ರಿಟಿಷ್ ಬೇಹುಗಾರರತ್ತ ಬೆರಳು ತೋರಿಸಿದರು. ಯುದ್ಧದ ನಂತರ ಪಾದ್ರಿ ಮಾರ್ಟಿನ್ ನೀಮೊಲರ್‌ನಂಥವರೇ ಅವನನ್ನು ನಾಜಿಗಳ ಕೈಗೊಂಬೆಯೆಂದರು. ಎರಡೂ ಸುಳ್ಳೆಂದು ತೀರ್ಮಾನವಾದದ್ದು 1960ರ ದಶಕದಲ್ಲಿ ನಾಜಿ ಗುಪ್ತ ಪೊಲೀಸರ (ಗೆಸ್ಟಾಪೋ) ವಿಚಾರಣೆಯ ಪ್ರತಿ ಸಿಕ್ಕಮೇಲೆ. ಬಡಗಿಯ ಗಂಟೆಯ ಕೂಲಿ 1929ರಲ್ಲಿ ಒಂದು ಮಾರ್ಕ್ ಇದ್ದದ್ದು ಈಗ 68 ಫೆನಿಗ್‌ಗೆ ಇಳಿದಿದೆಯೆಂಬ ಲೆಕ್ಕವನ್ನೂ ಅವನು ಅಲ್ಲಿ ತನ್ನ ಕಾರಣಗಳಲ್ಲಿ ಒಂದಾಗಿ ಕೊಡುತ್ತಾನೆ. ಇನ್ನಷ್ಟು ರಕ್ತಪಾತ ತಪ್ಪಿಸಬೇಕಿತ್ತು ಎನ್ನುತ್ತಾನೆ. ನಿರಪರಾಧಿಗಳೂ ಸತ್ತರಲ್ಲ ಎಂಬ ಆಕ್ಷೇಪ ಇವನ ಮೇಲೆ ಇಂದಿಗೂ ಇದೆ. ಅದು ಹಗುರವಾದ ಆಕ್ಷೇಪವಲ್ಲ. ಆದರೆ ಷ್ಟೌಫೆನ್‌ಬರ್ಗ್‌ನ ಬಾಂಬಿಗೆ ಬಲಿಯಾದ ನಾಲ್ವರಲ್ಲಿ ಒಬ್ಬ ಶೀಘ್ರಲಿಪಿಕಾರನೂ ಇದ್ದ. ಕರ್ನಲ್‌ಗೆ ಕೇಳದ ಪ್ರಶ್ನೆ ಬಡಗಿಗೆ ಮಾತ್ರ ಏಕೆ?

ಪೊಲೀಸ್ ಕಡತವೇ ಏಕೈಕ ಸಾಕ್ಷಿಯಾದ ಇನ್ನೊಂದು ಪ್ರಸಂಗ ಬರ್ಲಿನ್ನಿನ ಓಟ್ಟೋ ಮತ್ತು ಎಲಿಸ ಹಂಪೆಲ್ ದಂಪತಿಯದು. ಎಲಿಸಳ ಸಹೋದರ ಯುದ್ಧದಲ್ಲಿ ಸತ್ತಮೇಲೆ ಇವರಿಬ್ಬರು ಹಿಟ್ಲರನ ವಿರುದ್ಧ 200ಕ್ಕೂ ಹೆಚ್ಚು ಕಾರ್ಡುಗಳನ್ನು ಕೈಯಲ್ಲಿ ಬರೆದು ಮನೆಗಳ ಮೆಟ್ಟಿಲ ಮೇಲೆ ಬಿಟ್ಟುಬಂದರು. ಸಿಕ್ಕವರು ಬಹುತೇಕ ಎಲ್ಲವನ್ನೂ ನೇರವಾಗಿ ಪೊಲೀಸರಿಗೆ ಒಪ್ಪಿಸಿದರು. ಪ್ರಭಾವವನ್ನೇ ಅಳತೆಗೋಲಾಗಿ ಹಿಡಿಯುವ ಇತಿಹಾಸಕಾರರಿಗೆ ಇದು ಸೊನ್ನೆ. ಆ ಅಳತೆಯಲ್ಲಿ ಜುಲೈ 20 ಕೂಡ ಸೊನ್ನೆಯೇ. 1943ರ ಏಪ್ರಿಲ್ 8ರಂದು ಗಂಡಹೆಂಡಿರ ಶಿರಚ್ಛೇದವಾಯಿತು. ಕಡತವು ಲೇಖಕ ಹಾನ್ಸ್ ಫಲ್ಲಾಡನ ಕೈಸೇರಿ 1947ರಲ್ಲಿ ಕಾದಂಬರಿಯಾಯಿತು.

ಹೆಚ್ಚಿನ ಗೊಂದಲವಿರುವುದು ‘ಕೆಂಪು ವಾದ್ಯವೃಂದ’ದ ವಿಷಯದಲ್ಲಿ. ಈ ಹೆಸರಿಟ್ಟವರು ಆ ಗುಂಪನ್ನು ಹಿಡಿಯಲು ಹೊರಟ ಜರ್ಮನ್ ಅಧಿಕಾರಿಗಳೇ. ವಾಯುಪಡೆ ಅಧಿಕಾರಿ ಹಾರೋ ಶುಲ್ಟ್ಸ-ಬಾಯ್ಸನ್ ಮತ್ತು ಅರ್ಥ ಇಲಾಖೆಯ ಆರ್ವಿಡ್ ಹಾರ್ನಾಕ್‌ರ ಸುತ್ತಲಿನ ಸ್ನೇಹವಲಯ ಕರಪತ್ರ ಹಂಚಿತು, 1942ರ ಮೇ ತಿಂಗಳಲ್ಲಿ ಬರ್ಲಿನ್ನಿನ ಸೋವಿಯತ್ ವಿರೋಧಿ ಪ್ರದರ್ಶನವನ್ನು ಅಣಕಿಸುವ ಚೀಟಿಗಳನ್ನು ಗೋಡೆಗಳಿಗೆ ಅಂಟಿಸಿತು, ರಷ್ಯದ ಮೇಲಿನ ದಾಳಿಯ ಸುಳಿವನ್ನೂ ಮಾಸ್ಕೋಗೆ ಮುಟ್ಟಿಸಿತು, ಸ್ಟಾಲಿನ್ ನಂಬಲಿಲ್ಲ. ಇವರನ್ನು ಬೇಹುಗಾರಿಕೆಯ ಜಾಲವೆಂದು ಚಿತ್ರಿಸಿದವರಲ್ಲಿ ಪ್ರಮುಖ ಇವರ ಮರಣದಂಡನೆ ಗಿಟ್ಟಿಸಿದ ಸರ್ಕಾರಿ ವಕೀಲ ಮಾನ್‌ಫ್ರೆಡ್ ರೋಡರ್. ಯುದ್ಧದ ನಂತರವೂ ಅವನು ಅದೇ ವಾದ ಹೂಡಿದ, ಪಶ್ಚಿಮ ಜರ್ಮನಿ ನಂಬಿತು. ಪೂರ್ವ ಜರ್ಮನಿ ಇವರನ್ನು ಮಾಸ್ಕೋದ ನಿಷ್ಠಾವಂತರೆಂದು ಹೊಗಳುತ್ತ, ತಿಳಿದೋ ತಿಳಿಯದೆಯೋ ಅದೇ ಆರೋಪಕ್ಕೆ ಪುಷ್ಟಿ ಕೊಟ್ಟಿತು. 1990ರ ನಂತರ ದಫ್ತರಗಳು ತೆರೆದಾಗ ಕಂಡದ್ದು ಬೇರೆ ಚಿತ್ರ: ಇವರ ರೇಡಿಯೋ ಸಂಪರ್ಕ ಕೈಕೊಟ್ಟಿತ್ತು, ಪರೀಕ್ಷಾ ಸಂದೇಶದಿಂದಾಚೆಗೆ ಅದು ಹೋಗಲೇ ಇಲ್ಲ. ಶತ್ರುವಿಗೆ ಗುಟ್ಟು ಕೊಟ್ಟರೆ ದ್ರೋಹವಲ್ಲವೇ ಎಂದು ಕೇಳುವವರು ಹಾನ್ಸ್ ಓಸ್ಟರನನ್ನು ನೆನೆಯಬೇಕು. ಸೇನಾ ಬೇಹುಗಾರಿಕೆಯ ಈ ಅಧಿಕಾರಿ ಪಶ್ಚಿಮದ ಮೇಲಿನ ದಾಳಿಯ ದಿನಾಂಕವನ್ನು ಡಚ್ ರಾಯಭಾರ ಕಚೇರಿಯ ಸೇನಾ ಪ್ರತಿನಿಧಿಗೆ ಹೇಳಿದ್ದ. ದಾಳಿ ಪದೇಪದೇ ಮುಂದೆ ಹೋದದ್ದರಿಂದ ಅವನ ಮಾತಿಗೂ ಬೆಲೆ ಬರಲಿಲ್ಲ. ಓಸ್ಟರ್ ಮಾತ್ರ ದೇಶಭಕ್ತರ ಸಾಲಿನಲ್ಲಿದ್ದಾನೆ. 1945ರ ಏಪ್ರಿಲ್ 9ರಂದು ಅವನನ್ನು ಫ್ಲೋಸೆನ್‌ಬ್ಯುರ್ಗ್‌ನಲ್ಲಿ ನೇಣಿಗೇರಿಸಿದರು. ಎಲ್ಸರನನ್ನು ಡಾಖಾವ್‌ನಲ್ಲಿ ಕೊಂದದ್ದೂ ಅದೇ ದಿನ.

ಜುಲೈ 20ರವರಿಗೂ ಗೌರವ ಸುಲಭವಾಗಿ ಬರಲಿಲ್ಲ. ಅವರನ್ನು ದ್ರೋಹಿಗಳೆಂದು ಜರೆದ ಮಾಜಿ ಸೇನಾನಿ ರೇಮರ್‌ನ ಮೇಲೆ 1952ರಲ್ಲಿ ಬ್ರೌನ್‌ಷ್ವೈಗ್‌ನಲ್ಲಿ ಸರ್ಕಾರಿ ವಕೀಲ ಫ್ರಿಟ್ಸ್ ಬೌಅರ್ ಮೊಕದ್ದಮೆ ನಡೆಸಿದ. ನಾಜಿ ರಾಜ್ಯವು ಕಾನೂನಿನ ರಾಜ್ಯವೇ ಅಲ್ಲವೆಂದು ನ್ಯಾಯಾಲಯ ಹೇಳಿತು. 1990ರ ದಶಕದಿಂದ ವಿವಾದ ತಿರುವು ಪಡೆದಿದೆ. ಸಂಚುಗಾರರಲ್ಲಿ ಕೆಲವರು ಬೆಲರೂಸಿನಲ್ಲಿ ನಡೆದ ನರಮೇಧದ ಬಗ್ಗೆ ಎಷ್ಟು ಬಲ್ಲವರಾಗಿದ್ದರು, ಎಷ್ಟು ಕೈಜೋಡಿಸಿದ್ದರು ಎಂದು ಇತಿಹಾಸಕಾರ ಕ್ರಿಸ್ಟಿಯಾನ್ ಗೆರ್ಲಾಖ್ ಮೊದಲಾದವರು ಪ್ರಶ್ನಿಸಿದರು. ಸಂಚಿನಲ್ಲಿದ್ದ ಆರ್ಥರ್ ನೇಬ ಒಮ್ಮೆ ಅಲ್ಲಿನ ಹತ್ಯಾದಳದ ಮುಖ್ಯಸ್ಥನಾಗಿದ್ದನೆಂಬುದರಲ್ಲಂತೂ ಅನುಮಾನವಿಲ್ಲ. ಕಾನೂನು ಇದೇ ಕಾಲದಲ್ಲಿ ನಿಧಾನವಾಗಿ ಹೆಜ್ಜೆಯಿಟ್ಟಿತು: ನಾಜಿ ‘ಜನತಾ ನ್ಯಾಯಾಲಯ’ದ ತೀರ್ಪುಗಳು 1998ರಲ್ಲಿ, ಸೇನೆ ತೊರೆದವರ ಮೇಲಿನವು 2002ರಲ್ಲಿ, ‘ಯುದ್ಧದ್ರೋಹ’ದ ತೀರ್ಪುಗಳು 2009ರಲ್ಲಿ ರದ್ದಾದವು.