ತಣ್ಣೀರು ಹಸಿರಾದ ಕಥೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಭಾನುವಾರ ಬೆಳಿಗ್ಗೆ ಬೈಕುಗಳಿಗೆ ಸ್ನಾನದ ಹೊತ್ತು. ಪಾಳಿ ಇಲ್ಲದ ದಿನ ಬಾಡಿಗೆ ಮನೆಗಳ ಮುಂದೆ ಬೈಕು ನಿಲ್ಲಿಸಿ, ಬಕೆಟ್ ನೀರು, ಹಳೆ ಬಟ್ಟೆ, ನಾಲ್ಕು ಸ್ಪ್ಯಾನರ್ ಹರಡಿಕೊಂಡು ಕೂರುವ ಯುವಕರು ಇಲ್ಲಿ ಮಾತ್ರವಲ್ಲ, ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಅವರ ತಂದೆಯ ಕಾಲದಲ್ಲಿ ಈ ಕೆಲಸವೆಂದರೆ ಪ್ಲಗ್ ಉಜ್ಜುವುದು, ಚೈನಿಗೆ ಎಣ್ಣೆ ಬಿಡುವುದು, ಬ್ರೇಕ್ ಬಿಗಿಮಾಡುವುದು. ಈಗ ಅದಕ್ಕೆ ಇನ್ನೊಂದು ಸೇರಿದೆ. ಎಂಜಿನ್ನಿನ ಮುಂದಿರುವ ಪುಟ್ಟ ರೇಡಿಯೇಟರಿನ ಹಳೆಯ ಕೂಲಂಟ್ ಇಳಿಸಿ, ಒಳಗೆಲ್ಲ ತೊಳೆದು, ಹೊಸದನ್ನು ತುಂಬುವುದು.

ಹಸಿರು ಬಣ್ಣದ ಆ ನೀರು ತಟ್ಟೆಗೆ ಇಳಿಯುವಾಗ ಯಾರಿಗಾದರೂ ಎರಡು ಪ್ರಶ್ನೆ ಹುಟ್ಟುವುದು ಸಹಜ. ಪಕ್ಕದಲ್ಲೇ ಬಕೆಟ್ ತುಂಬ ಬೋರ್‌ವೆಲ್ ನೀರಿರುವಾಗ ದುಡ್ಡು ಕೊಟ್ಟು ಬಣ್ಣದ ನೀರು ತರಬೇಕೇಕೆ? ಇಳಿಸಿದ ಹಳೆಯ ನೀರನ್ನು ಎದುರಿನ ಚರಂಡಿಗೆ ಚೆಲ್ಲಿದರೆ ಏನಾಯಿತು? ಎರಡಕ್ಕೂ ಉತ್ತರ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸದಲ್ಲಿದೆ.

ಗಾಳಿಯನ್ನು ನಂಬಿದ ಕಾಲ

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಮೂರನೇ ಒಂದು ಪಾಲು. ಇನ್ನೊಂದು ಪಾಲು ಹೊಗೆಯ ಜೊತೆ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದದ್ದು ಎಂಜಿನ್ನಿನ ಲೋಹಕ್ಕೆ ಏರುವ ಬಿಸಿ. ಅದನ್ನು ಹೊರಗೆ ಸಾಗಿಸದಿದ್ದರೆ ಎಣ್ಣೆ ತೆಳ್ಳಗಾಗಿ, ಪಿಸ್ಟನ್ ಹಿಗ್ಗಿ, ಎಂಜಿನ್ ಹಿಡಿದುಕೊಳ್ಳುತ್ತದೆ.

ಕರ್ನಾಟಕದ ಹಳೆಯ ತಲೆಮಾರು ಕಂಡ ಬೈಕುಗಳಲ್ಲಿ ಈ ಬಿಸಿಯನ್ನು ಹೊರುವ ಕೆಲಸ ಗಾಳಿಯದಾಗಿತ್ತು. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಮಾದರಿಯ 250 ಸಿಸಿ ಬೈಕುಗಳನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಬೈಕು ಯೆಜ್ಡಿ ಎಂಬ ಹೆಸರು ಪಡೆಯಿತು. ಅದರ ಸಿಲಿಂಡರಿನ ಸುತ್ತ ಮಡಿಕೆ ಮಡಿಕೆಯಾಗಿ ಚಾಚಿಕೊಂಡ ಲೋಹದ ತೆಳು ಪಟ್ಟಿಗಳಿದ್ದವು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅವು ‘ಫಿನ್’. ಬೈಕು ಓಡುವಾಗ ಎದುರಿನಿಂದ ಬೀಸುವ ಗಾಳಿ ಈ ಪಟ್ಟಿಗಳ ನಡುವೆ ನುಗ್ಗಿ ಬಿಸಿಯನ್ನು ಒಯ್ಯುತ್ತಿತ್ತು. ಪಂಪಿಲ್ಲ, ಪೈಪಿಲ್ಲ, ಸೋರುವ ಭಯವಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಮೈಸೂರಿನ ಬೈಕು ಗಾಳಿಯನ್ನೇ ನಂಬಿತ್ತು.

ಹಾಗೆ ನೋಡಿದರೆ ಮೋಟಾರ್ ಸೈಕಲ್ಲಿಗೆ ನೀರು ಹೊಸದೇನಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ 1894ರಿಂದ ಮಾರಾಟಕ್ಕೆ ಬಂದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ಬೈಕು ಜಗತ್ತಿನಲ್ಲಿ ಮೊದಲ ಬಾರಿಗೆ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಮೋಟಾರ್ ಸೈಕಲ್ ಎನಿಸಿದೆ. ಅದರ ಎಂಜಿನ್ನಿಗೆ ತಂಪು ನೀಡಿದ್ದು ನೀರೇ. ಹಿಂದಿನ ಚಕ್ರದ ಮಡ್‌ಗಾರ್ಡ್ ಟೊಳ್ಳಾಗಿದ್ದು, ಅದೇ ನೀರಿನ ತೊಟ್ಟಿಯಾಗಿತ್ತು! ಇಂಗ್ಲೆಂಡಿನ ಯಾರ್ಕ್‌ಷೈರಿನ ಆಲ್ಫ್ರೆಡ್ ಸ್ಕಾಟ್ 1908ರಿಂದ ತಯಾರಿಸಿದ ಬೈಕುಗಳೂ ನೀರಿನ ಸಹಾಯ ಪಡೆದವು. 1912 ಮತ್ತು 1913ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಹೆಸರಾಂತ ಪಂದ್ಯದಲ್ಲಿ ಗೆದ್ದದ್ದು ಸ್ಕಾಟ್ ಬೈಕುಗಳೇ. ಅಂಥ ಬೈಕುಗಳಲ್ಲಿ ಪಂಪ್ ಇಲ್ಲದೆಯೇ ನೀರು ಸುತ್ತುತ್ತಿತ್ತು. ಬಿಸಿನೀರು ತಾನಾಗಿ ಮೇಲೇರುವುದು, ತಣ್ಣೀರು ಕೆಳಗಿಳಿಯುವುದು, ಇಷ್ಟೇ ಉಪಾಯ. ಬೆಂಗಳೂರಿನ ಮನೆಗಳ ತಾರಸಿಯ ಮೇಲಿರುವ ಸೋಲಾರ್ ವಾಟರ್ ಹೀಟರುಗಳಲ್ಲಿ ಇಂದಿಗೂ ಕೆಲಸ ಮಾಡುವುದು ಇದೇ ನಿಯಮ.

ಆದರೂ ಗೆದ್ದದ್ದು ಗಾಳಿ. ಕಾರಿನಲ್ಲಿ ರೇಡಿಯೇಟರಿಗೆ ಜಾಗವಿತ್ತು, ಬೈಕಿನಲ್ಲಿ ಇರಲಿಲ್ಲ. ತೂಕ, ಬೆಲೆ ಎರಡೂ ಹೆಚ್ಚು. 1971ರಲ್ಲಿ ಜಪಾನಿನ ಸುಜುಕಿ ಕಂಪನಿ ನೀರಿನ ತಂಪಿನ ಜಿಟಿ 750 ಬೈಕನ್ನು ತಂದಾಗ ಅಮೆರಿಕದವರು ಅದಕ್ಕೆ ‘ನೀರೆಮ್ಮೆ’ ಎಂಬರ್ಥದ ಅಡ್ಡಹೆಸರಿಟ್ಟರು. ಇಂಗ್ಲೆಂಡಿನವರ ಬಾಯಲ್ಲಿ ಅದು ‘ಕೆಟಲ್’ ಆಯಿತು. ನಕ್ಕವರ ನಡುವೆಯೇ ಕಾಲ ತಿರುಗಿತ್ತು.

ಮತ್ತೆ ಬಂದ ನೀರು

ಗಾಳಿಯ ದೌರ್ಬಲ್ಯ ಗೊತ್ತಾಗುವುದು ಬೈಕು ನಿಂತಾಗ. ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಗಾಳಿಯೂ ನಿಲ್ಲುತ್ತದೆ, ಬಿಸಿ ಮಾತ್ರ ನಿಲ್ಲುವುದಿಲ್ಲ. ಇದರ ಜೊತೆಗೆ ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹೊರಡಿಸುವ ಆಸೆ ಬೆಳೆಯಿತು, ಹೊಗೆಯ ನಿಯಮಗಳೂ ಬಿಗಿಯಾದವು. ಹೊಗೆ ಹದದಲ್ಲಿರಬೇಕಾದರೆ ಎಂಜಿನ್ನಿನ ಬಿಸಿಯೂ ಹದದಲ್ಲಿರಬೇಕು. ನೀರು ಸುತ್ತುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ಬಿಸಿ ನೋಡಿಕೊಂಡು ತೆರೆದು ಮುಚ್ಚುತ್ತದೆ. ಗಾಳಿಗೆ ಅಂಥ ಬಾಗಿಲು ಇಡುವುದು ಕಷ್ಟ.

ಭಾರತದಲ್ಲಿ ಸಾಮಾನ್ಯ ಯುವಕರ ಕೈಗೆ ರೇಡಿಯೇಟರ್ ಇರುವ ಬೈಕು ತಲುಪಿಸಿದ್ದರಲ್ಲಿ 2008ರ ಯಮಾಹಾ ಆರ್15ಗೆ ದೊಡ್ಡ ಪಾಲಿದೆ. ಅದು 150 ಸಿಸಿ ದರ್ಜೆಯ ಬೈಕು. 2012ರಲ್ಲಿ ಕೆಟಿಎಂ 200 ಡ್ಯೂಕ್ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಕೂಲಂಟ್ ಬಾಟಲಿ ಸಣ್ಣ ಊರುಗಳ ಬಿಡಿಭಾಗದ ಅಂಗಡಿಗಳಲ್ಲೂ ಮಾಮೂಲಾಯಿತು.

ಕುತೂಹಲದ ಸಂಗತಿಯೆಂದರೆ, 2018ರ ನವೆಂಬರ್‌ನಲ್ಲಿ ಜಾವಾ ಹೆಸರು ಬೇರೊಂದು ಕಂಪನಿಯ ಮೂಲಕ ಮರಳಿ ಬಂತು. ಈ ಬಾರಿ ತಯಾರಿಕೆ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. 293 ಸಿಸಿಯ ಹೊಸ ಎಂಜಿನ್ನಿಗೆ ತಂಪು ಕೊಡುವುದು ದ್ರವ. ಆದರೆ ಸಿಲಿಂಡರಿನ ಮೇಲೆ ಹಳೆಯ ಫಿನ್‌ಗಳು ಚೆಂದಕ್ಕಾಗಿ ಹಾಗೆಯೇ ಉಳಿದವು. ರೇಡಿಯೇಟರ್ ಕಣ್ಣಿಗೆ ಬೀಳದಂತೆ ಮುಂದಿನ ಕೊಳವೆಗಳ ನಡುವೆ ಕುಳಿತಿತು. ಹಳೆಯ ಮೈಸೂರು ಜಾವಾದ ಅಭಿಮಾನಿ ಹೊಸದನ್ನು ಮನೆಯಲ್ಲೇ ರಿಪೇರಿ ಮಾಡಲು ಕುಳಿತರೆ ಅವರಿಗೆ ಹೊಸದಾಗಿ ಎದುರಾಗುವುದು ಈ ಕೂಲಂಟ್ ಕೆಲಸವೇ.

ಬರಿ ನೀರಿನ ಮೂರು ದೋಷ

ಬಿಸಿಯನ್ನು ಹೊರುವುದರಲ್ಲಿ ನೀರಿಗೆ ಸಮ ಇಲ್ಲ. ಆದರೆ ಅದಕ್ಕೆ ಮೂರು ದೋಷಗಳಿವೆ. ಒಂದು, ಬೇಗ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಹೊಸಕೋಟೆ ಸೀಮೆಯಲ್ಲಿ 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಬೆಂಗಳೂರಿನ ಯುವಕರು ಬೈಕೇರಿ ಹೋಗುವ ಲಡಾಖಿನ ಖರ್ದುಂಗ್ ಲಾ ಕಣಿವೆದಾರಿಯ ಎತ್ತರ 5,300 ಮೀಟರಿಗೂ ಹೆಚ್ಚು. ಅಲ್ಲಿ 82-83 ಡಿಗ್ರಿಗೇ ನೀರು ಕುದಿಯಬಲ್ಲದು. ಎರಡು, ಅದೇ ಲಡಾಖಿನ ರಾತ್ರಿಯಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನನ್ನೇ ಸೀಳಬಲ್ಲದು.

ಮೂರನೆಯದು ನಮ್ಮ ಸೀಮೆಯವರು ದಿನವೂ ಕಾಣುವ ದೋಷ. ವರ್ಷವಿಡೀ ಹರಿಯುವ ನದಿಯಿಲ್ಲದ ಹೊಸಕೋಟೆ, ಕೋಲಾರದ ಕಡೆ ಬದುಕು ನಿಂತಿರುವುದು ಬೋರ್‌ವೆಲ್ ಮೇಲೆ. ಆಳದಿಂದ ಬರುವ ಗಡಸು ನೀರು ಬಚ್ಚಲ ಹಂಡೆಗೆ, ಗೀಸರಿನ ಕಾಯಿಲಿಗೆ ಬಿಳಿ ಪದರ ಕಟ್ಟುತ್ತದೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣ. ಹಂಡೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಬಹುದು. ರೇಡಿಯೇಟರಿನ ಕಡ್ಡಿ ಗಾತ್ರದ ಕೊಳವೆಗಳೊಳಗೆ ಕೈ ಹೋಗುವುದಿಲ್ಲ. ಅಲ್ಲಿ ಪದರ ಕಟ್ಟಿದರೆ ಬಿಸಿ ಹೊರಬರುವ ದಾರಿ ಮುಚ್ಚುತ್ತದೆ, ಜೊತೆಗೆ ಅಲ್ಯುಮಿನಿಯಂ ಕೊರೆಯುತ್ತದೆ. ಒಂದು ಕಾಲದಲ್ಲಿ ಲಾರಿ ಮತ್ತು ಅಂಬಾಸಿಡರ್ ಚಾಲಕರು ಘಾಟಿ ಹತ್ತುವ ಮೊದಲು ಯಾವುದೋ ಹಳ್ಳದ ನೀರು ತುಂಬಿಕೊಂಡು ಸಾಗುತ್ತಿದ್ದರು. ಅಗಲ ಕೊಳವೆಯ ಹಳೆಯ ರೇಡಿಯೇಟರುಗಳು ಅದನ್ನು ಸಹಿಸಿದವು. ಬೈಕಿನ ಸಣ್ಣ ರೇಡಿಯೇಟರ್ ಸಹಿಸದು.

ಈ ದೋಷಗಳಿಗೆ ಮದ್ದಾಗಿ ಬಂದದ್ದು ಎಥಿಲಿನ್ ಗ್ಲೈಕಾಲ್. ಬಣ್ಣವಿಲ್ಲದ, ಕೊಂಚ ಮಂದವಾದ, ಸಿಹಿ ರುಚಿಯ ದ್ರವ. ಫ್ರಾನ್ಸಿನ ರಸಾಯನ ವಿಜ್ಞಾನಿ ಷಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲಿ ಇದನ್ನು ತಯಾರಿಸಿದ. ದಶಕಗಳ ಕಾಲ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸ್ಫೋಟಕಗಳಿಗೆ ಬೇಕಾದ ಗ್ಲಿಸರಿನ್ ಸಾಲದಾದಾಗ ಅದರ ಬದಲಿಯಾಗಿ ಬಂತು. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಕಾರುಗಳ ರೇಡಿಯೇಟರಿಗೆ ಇಳಿಯಿತು. ಅದಕ್ಕೂ ಮೊದಲು ಹೆಪ್ಪುಗಟ್ಟದಿರಲೆಂದು ಜನ ಆಲ್ಕೋಹಾಲ್ ಸುರಿಯುತ್ತಿದ್ದರು. ಅದು ಬೇಗ ಆವಿಯಾಗಿ ಹೋಗುತ್ತಿತ್ತು.

ಗ್ಲೈಕಾಲ್ ಇಷ್ಟು ಒಳ್ಳೆಯದಾದರೆ ನೀರು ಬೆರೆಸದೆ ಅದನ್ನೇ ತುಂಬಬಾರದೇಕೆ? ಈ ಪಾಠವನ್ನು ಕಲಿಸಿದ್ದು ಯುದ್ಧ ವಿಮಾನಗಳು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನ ಮೊದಲ ಮಾದರಿಗಳಲ್ಲಿ ಶುದ್ಧ ಗ್ಲೈಕಾಲನ್ನೇ ಬಳಸಿದ್ದರು. ಆದರೆ ನೀರಿನಷ್ಟು ಬಿಸಿ ಹೊರುವ ಶಕ್ತಿ ಅದಕ್ಕಿಲ್ಲ, ಬೆಂಕಿಯ ಭಯವೂ ಇತ್ತು. ಮುಂದಿನ ಮಾದರಿಗಳಲ್ಲಿ ಶೇ 70 ನೀರು, ಶೇ 30 ಗ್ಲೈಕಾಲ್ ಬೆರೆಸಿ, ಒತ್ತಡದಲ್ಲಿ ಸುತ್ತಿಸಿದರು. ಇಂದು ಬೈಕಿಗೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟದು, ಸಮುದ್ರಮಟ್ಟದಲ್ಲಿ 107 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ. ಒತ್ತಡ ಹಿಡಿದಿಡುವ ಮುಚ್ಚಳ ಆ ಮಿತಿಯನ್ನು ಇನ್ನೂ ಮೇಲಕ್ಕೇರಿಸುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ನಡೆಯುವುದೂ ಇದೇ. ತುಕ್ಕು ತಡೆಯುವ ಮದ್ದುಗಳನ್ನು ಕೂಲಂಟಿನಲ್ಲೇ ಸೇರಿಸಿರುತ್ತಾರೆ. ಕಾಲ ಕಳೆದಂತೆ ಸತ್ವ ಕಳೆದುಕೊಳ್ಳುವುದು ಆ ಮದ್ದುಗಳು. ಎರಡು-ಮೂರು ವರ್ಷಕ್ಕೊಮ್ಮೆ, ಅಥವಾ ಬೈಕಿನ ಕೈಪಿಡಿ ಹೇಳಿದಾಗ, ಬದಲಿಸಬೇಕಾದದ್ದು ಅದಕ್ಕೇ.

ಅಂಗಳದ ಕೆಲಸ

ಈ ಇತಿಹಾಸ ಗೊತ್ತಿದ್ದರೆ ಕೆಲಸದ ಪ್ರತಿ ಹೆಜ್ಜೆಯೂ ಅರ್ಥವಾಗುತ್ತದೆ. ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬಾರದು. ಸೀಟಿ ಇಳಿಯದ ಕುಕ್ಕರ್ ತೆರೆದರೆ ಆಗುವ ಗತಿಯೇ ಇಲ್ಲೂ ಆಗುತ್ತದೆ. ತಣಿದ ಮೇಲೆ ಕೆಳಗೆ ತಟ್ಟೆಯಿಟ್ಟು ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಬೇಕು. ಬೋಲ್ಟ್ ಮತ್ತೆ ಹಾಕಿ, ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ತಣಿಸಿ, ಮತ್ತೆ ಇಳಿಸಬೇಕು. ಬರುವ ನೀರು ತಿಳಿಯಾಗುವವರೆಗೆ ಇದನ್ನೇ ಮಾಡಬೇಕು. ಕೊನೆಗೆ ಬೋಲ್ಟಿಗೆ ಹೊಸ ವಾಷರ್ ಹಾಕಿ, ಹೊಸ ಕೂಲಂಟನ್ನು ನಿಧಾನವಾಗಿ ಸುರಿಯಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಅಲ್ಲಿ ಲೋಹ ಕಾಯುತ್ತದೆ. ಹಾಗಾಗಿ ಮುಚ್ಚಳ ತೆಗೆದಿಟ್ಟು ಎಂಜಿನ್ನನ್ನು ಕೆಲ ನಿಮಿಷ ಓಡಿಸಿ, ಗುಳ್ಳೆ ಹೊರಬಿಟ್ಟು, ಕಡಿಮೆಯಾದಷ್ಟು ತುಂಬುವುದು ರೂಢಿ. ಸಿದ್ಧ ಮಿಶ್ರಣದ ಬಾಟಲಿಗೆ ನೀರು ಬೆರೆಸಬೇಕಿಲ್ಲ, ಸಾಂದ್ರ ದ್ರವಕ್ಕೆ ಬೆರೆಸಬೇಕು. ಹಸಿರು, ಕೆಂಪು, ನೀಲಿ ಎಲ್ಲ ಬರಿಯ ಬಣ್ಣ. ಬಣ್ಣ ನೋಡಿ ಜಾತಿ ಹೇಳಲಾಗದು, ಲೇಬಲ್ಲನ್ನೇ ಓದಬೇಕು.

ಸಿಹಿಯಾದ ವಿಷ

ಉಳಿದದ್ದು ತಟ್ಟೆಯಲ್ಲಿರುವ ಹಳೆಯ ನೀರು. ಗ್ಲೈಕಾಲ್ ವಂಶದ ದ್ರವಗಳ ಇತಿಹಾಸದಲ್ಲಿ ಕಣ್ಣೀರಿನ ಪುಟಗಳೂ ಇವೆ. ಇದರ ಸೋದರ ದ್ರವ ಡೈಎಥಿಲಿನ್ ಗ್ಲೈಕಾಲ್ ಔಷಧಿಯಲ್ಲಿ ಸೇರಿ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ತೀರಿಕೊಂಡರು. 2022ರಲ್ಲಿ ಆಫ್ರಿಕಾದ ಗಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಅವರು ಕುಡಿದರೆನ್ನಲಾದ ಸಿರಪ್‌ಗಳಲ್ಲಿ ಈ ಎರಡೂ ದ್ರವಗಳು ಪತ್ತೆಯಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು.

ಕೂಲಂಟಿನ ಎಥಿಲಿನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಒಡೆದು ಆಮ್ಲಗಳಾಗಿಸುತ್ತದೆ. ಅವುಗಳಲ್ಲೊಂದಾದ ಆಕ್ಸಲಿಕ್ ಆಮ್ಲ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳು ಕಟ್ಟುತ್ತದೆ. ವಯಸ್ಕರಿಗೂ ಸುಮಾರು 100 ಮಿಲಿಲೀಟರ್ ಪ್ರಾಣಾಂತಿಕವಾಗಬಹುದು, ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಮದ್ದಿದೆ, ಆದರೆ ಹೊತ್ತು ಮೀರಬಾರದು. ಮೊದಲು ಅಮಲೇರಿದಂತೆ ಕಂಡು, ಗಂಟೆಗಳ ನಂತರ ವಿಷ ತನ್ನ ಗುಣ ತೋರುವುದರಿಂದ ಜನ ಮೋಸಹೋಗುತ್ತಾರೆ. ಕುಡಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಬೀದಿಯಲ್ಲಿ ಆಡುವ ಮಗುವಿಗೆ ತಟ್ಟೆಯ ಹಸಿರು ನೀರು ಷರಬತ್ತಿನಂತೆ ಕಾಣುತ್ತದೆ. ಬಾಯಾರಿದ ಬೀದಿನಾಯಿಗೆ ಸಿಹಿಯಾಗಿ ರುಚಿಸುತ್ತದೆ. ಚರಂಡಿಗೆ ಚೆಲ್ಲಿದ್ದು ಮಳೆ ಬಂದಾಗ ಕೆರೆಯ ದಾರಿ ಹಿಡಿಯುತ್ತದೆ. ಎಂಜಿನ್ನಿನಿಂದ ಕರಗಿ ಬಂದ ಲೋಹದ ಅಂಶವೂ ಜೊತೆಗಿರುತ್ತದೆ. ಬೋರ್‌ವೆಲ್ ನೀರನ್ನೇ ಕುಡಿದು ಬದುಕುವ ಊರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಹಳೆಯ ಕೂಲಂಟನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ‘ವಿಷ’ ಎಂದು ಬರೆದು, ಹಳೆಯ ಎಣ್ಣೆ ಮತ್ತು ಕೂಲಂಟ್ ಪಡೆಯುವ ಸರ್ವಿಸ್ ಕೇಂದ್ರಕ್ಕೆ ತಲುಪಿಸುವುದೇ ಸರಿ. ತಂಪು ಪಾನೀಯದ ಖಾಲಿ ಬಾಟಲಿಗೆ ಮಾತ್ರ ಎಂದೂ ತುಂಬಿಡಬಾರದು.

ಭಾನುವಾರದ ಈ ಕೆಲಸ ಹೆಚ್ಚೆಂದರೆ ಅರ್ಧ ದಿನದ್ದು. ಬೋಲ್ಟ್ ಬಿಗಿಮಾಡಿ, ಬೈಕು ಒರೆಸಿ, ಒಂದು ಸುತ್ತು ಹೊಡೆದು ಬಂದರೆ ಮುಗಿಯಿತು ಎನಿಸುತ್ತದೆ. ಆದರೆ ತಟ್ಟೆ ಖಾಲಿಯಾಗಿ ಕ್ಯಾನಿನ ಮುಚ್ಚಳ ಬೀಳುವವರೆಗೆ ಅದು ಮುಗಿದಿಲ್ಲ.