ಮಂಗಳೂರಿನ ಮಾರ್ಪಟ್ಟ ಕಾರುಗಳು: ಇದ್ದಿಲ ಒಲೆಯಿಂದ ಡೀಸೆಲ್ ಹೀಟರಿನವರೆಗೆ

ಮಂಗಳೂರಿನಲ್ಲಿ ಮೋಟಾರು ಗಾಡಿಯ ಒಡಲನ್ನು ಹಾಗೆಯೇ ಉಳಿಸಿಕೊಂಡು ಅದರ ಯಂತ್ರವನ್ನು ಬದಲಿಸುವ ಕೆಲಸವು ಶೋಕಿಯಿಂದ ಹುಟ್ಟಿದ್ದಲ್ಲ. ಎಣ್ಣೆ ಸಿಗದೆ ಹೋದಾಗ ಅಥವಾ ಅದರ ಬೆಲೆ ಕೈಗೆಟುಕದಂತಾದಾಗ, ಇದ್ದ ಗಾಡಿಯನ್ನು ಮಾರಲು ಮನಸ್ಸಿಲ್ಲದ ಮಾಲೀಕನೂ ಅದನ್ನು ಓಡಿಸಿಯೇ ಸಂಸಾರ ಸಾಗಿಸಬೇಕಿದ್ದ ಚಾಲಕನೂ ಹಿಡಿದ ದಾರಿ ಅದು. ಇಂದು ಮಾರ್ಪಡಿಸಿದ ಕಾರು ಎಂದೊಡನೆ ಅಗಲ ಚಕ್ರ, ಅಬ್ಬರದ ಸೈಲೆನ್ಸರ್, ಮಿರುಗುವ ದೀಪಗಳು ಕಣ್ಮುಂದೆ ಬರುತ್ತವೆಯಾದರೂ, ಯುದ್ಧಕಾಲದ ಇದ್ದಿಲ ಒಲೆಗಳನ್ನು ಬಿಟ್ಟರೆ ಈ ಊರಿನ ಹಳೆಯ ಮಾರ್ಪಾಡುಗಳು ಹೊರಗಿನಿಂದ ಕಾಣುವಂಥವಾಗಿರಲಿಲ್ಲ. ಬಾನೆಟ್ಟಿನ ಕೆಳಗಿನ ಸದ್ದನ್ನು ಕೇಳಿ ಮಾತ್ರ ಅವುಗಳನ್ನು ಗುರುತಿಸಬಹುದಾಗಿತ್ತು.

1907ರಲ್ಲಿ ರೈಲು ಮಂಗಳೂರನ್ನು ತಲುಪಿದರೂ ಅದು ದಕ್ಷಿಣದ ಮಲಬಾರಿನ ಕಡೆಯಿಂದ ಬಂದ ಹಳಿಯಾಗಿತ್ತೇ ಹೊರತು, ಉತ್ತರಕ್ಕೆ ಉಡುಪಿಯ ಕಡೆಗಾಗಲಿ, ಮೂಡಣಕ್ಕೆ ಘಟ್ಟದ ಕಡೆಗಾಗಲಿ ಪ್ರಯಾಣಿಕರನ್ನು ಒಯ್ಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವು ಮೋಟಾರು ಗಾಡಿಗಳು. ಸಿಪಿಸಿ ಎಂಬ ಮೂರಕ್ಷರಗಳಿಂದಲೇ ಜನರಿಗೆ ಪರಿಚಿತವಾಗಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಜಿಲ್ಲೆಯ ಬಸ್ ಸಾರಿಗೆಯ ಮೊದಲಿಗರಲ್ಲಿ ಒಂದು. ಅದರೊಂದಿಗೆ ನಂಟಿದ್ದ ವಿ. ಎಸ್. ಕುಡ್ವ ಅವರೇ ಮುಂದೆ ಕೆನರಾ ವರ್ಕ್‌ಶಾಪ್ಸ್ ಸ್ಥಾಪಿಸಿ, ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗುಗಳನ್ನು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದ ಸ್ಪ್ರಿಂಗುಗಳನ್ನು ಊರಿನಲ್ಲಿಯೇ ತಯಾರಿಸಿದರು. ಹೊಂಡ ಬಿದ್ದ ಮುರಕಲ್ಲಿನ ರಸ್ತೆಗಳಲ್ಲಿ ಮೊದಲು ಮುರಿಯುತ್ತಿದ್ದ ಭಾಗವೇ ಸ್ಪ್ರಿಂಗ್ ಆಗಿದ್ದರಿಂದ ಈ ಉದ್ಯಮ ಇಲ್ಲಿ ನೆಲೆಗೊಂಡದ್ದು ಆಕಸ್ಮಿಕವಲ್ಲ.

ಮಾರ್ಪಾಡಿನ ಮೊದಲ ದೊಡ್ಡ ಅಧ್ಯಾಯ ತೆರೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲಿಗೆ ಪಡಿತರ ಬಂದು, ಕೂಪನ್ನಿಗೆ ಸಿಗುವ ಎಣ್ಣೆ ಕೆಲವು ದಿನಗಳಿಗೂ ಸಾಲದಂತಾದಾಗ, ದೇಶದ ಇತರೆಡೆಗಳಂತೆ ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿಯೂ ಬಸ್ಸುಗಳ ಹಿಂಬದಿಗೆ ಇದ್ದಿಲ ಒಲೆಗಳು ಏರಿದವು. ಆಳೆತ್ತರದ ಕಬ್ಬಿಣದ ಪೀಪಾಯಿಯಲ್ಲಿ ಇದ್ದಿಲು ತುಂಬಿ, ಗಾಳಿ ಪೂರ್ತಿ ಆಡದಂತೆ ಉರಿಸಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಸೋಸಿ, ತಣಿಸಿ, ಕೊಳವೆಯ ಮೂಲಕ ಪೆಟ್ರೋಲ್ ಎಂಜಿನ್ನಿಗೇ ಹಾಯಿಸುವುದು ಈ ವ್ಯವಸ್ಥೆಯ ಹೂರಣ. ಎಂಜಿನ್ನಿನ ಬಲದಲ್ಲಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕುಗ್ಗುತ್ತಿದ್ದುದರಿಂದ ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನಡೆಯುವುದೂ ದೂಡುವುದೂ ಪ್ರಯಾಣದ ಭಾಗವೇ ಆಯಿತು. ಬೆಳಗಿನ ಮೊದಲ ಬಸ್ಸಿಗಾಗಿ ಬೀಸಣಿಗೆಯ ಹಿಡಿಯನ್ನು ಕೈಯಿಂದ ತಿರುಗಿಸಿ, ಇದ್ದಿಲು ಕೆಂಡವಾಗಿ, ಅನಿಲ ಹದಕ್ಕೆ ಬರುವ ತನಕ ಕಾದು ಕುಳಿತ ಕ್ಲೀನರನೇ ಈ ಊರಿನಲ್ಲಿ ತಣ್ಣಗಾದ ಎಂಜಿನ್ನನ್ನು ಎಬ್ಬಿಸುವ ವಿದ್ಯೆಯ ಮೊದಲ ಪರಿಣತ ಎನ್ನಬೇಕು. ಆತನ ಹೆಸರು ಯಾವ ದಾಖಲೆಯಲ್ಲಿಯೂ ಉಳಿಯದಿರುವುದು ಈ ಕಸುಬಿನ ಚರಿತ್ರೆಗೆ ಆದ ನಿಜವಾದ ನಷ್ಟ.

ಸ್ವಾತಂತ್ರ್ಯಾನಂತರ ಹೊರದೇಶದ ಕಾರುಗಳ ಆಮದು ನಿಂತು, 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್, ಪ್ರೀಮಿಯರ್ ಕಂಪೆನಿಯ ಫಿಯೆಟ್, ಮಹೀಂದ್ರಾ ಜೀಪು ಇವಿಷ್ಟರಲ್ಲಿಯೇ ಜನರ ಆಯ್ಕೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಹೊಸ ಕಾರಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಆ ಕಾಲದಲ್ಲಿ ಹಳೆಯ ಕಾರು ಎಂದರೆ ಎಸೆಯುವ ವಸ್ತುವಲ್ಲ, ಮನೆಯಂತೆ ಕಾಲಕಾಲಕ್ಕೆ ದುರಸ್ತಿ ಮಾಡಿಸಿ ಬಾಳಿಸುವ ಆಸ್ತಿ. ಎಂಜಿನ್ ಇಳಿಸಿ ಬೋರ್ ಮಾಡಿಸುವುದು, ರಿಂಗು ಹಾಕಿಸುವುದು, ಉಪ್ಪುಗಾಳಿಗೂ ಮಳೆಗೂ ತುಕ್ಕು ಹಿಡಿದ ತಳವನ್ನು ಟಿಂಕರಿಂಗ್ ಮಾಡಿಸುವುದು ಕಾರಿದ್ದ ಪ್ರತಿ ಮನೆಯ ಲೆಕ್ಕಪುಸ್ತಕದಲ್ಲಿ ಬರುತ್ತಿದ್ದ ಖರ್ಚುಗಳಾಗಿದ್ದವು.

ಎರಡನೆಯ ಅಧ್ಯಾಯಕ್ಕೆ ಕಾರಣವಾದದ್ದು 1973ರ ತೈಲ ಬಿಕ್ಕಟ್ಟು. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು 4 ಪಟ್ಟಾದಾಗ ಸರಕಾರವು ಪೆಟ್ರೋಲನ್ನು ಸಿರಿವಂತರ ಇಂಧನವೆಂದೂ ಡೀಸೆಲನ್ನು ಲಾರಿ, ಬಸ್ಸು, ರೈತರ ಪಂಪುಗಳ ಇಂಧನವೆಂದೂ ಬಗೆದು ಎರಡರ ಬೆಲೆಗಳ ನಡುವೆ ದೊಡ್ಡ ಅಂತರವನ್ನು ಉಳಿಸಿತು. ಹಂಪನಕಟ್ಟೆಯಲ್ಲಿಯೂ ಸುತ್ತಲಿನ ಪೇಟೆಗಳಲ್ಲಿಯೂ ನಿಲ್ಲುತ್ತಿದ್ದ ಬಾಡಿಗೆ ಅಂಬಾಸಿಡರುಗಳ ಚಾಲಕರಿಗೆ ಆ ಅಂತರವೇ ದಿನದ ಸಂಪಾದನೆ. ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾಸರಗೋಡುಗಳಿಂದ ವೆನ್ಲಾಕ್ ಆಸ್ಪತ್ರೆಗೂ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೂ ರೋಗಿಗಳನ್ನು ತರುತ್ತಿದ್ದ, ಮದುವೆ ದಿಬ್ಬಣಗಳನ್ನು ಹೊರುತ್ತಿದ್ದ, ಬಸ್ಸಿಲ್ಲದ ಹಳ್ಳಿಗಳಿಗೆ ಜನರನ್ನು ತುಂಬಿಕೊಂಡು ಸರ್ವಿಸ್ ಓಡುತ್ತಿದ್ದ ಈ ಗಾಡಿಗಳು ಪೆಟ್ರೋಲಿನಲ್ಲಿ ಬದುಕುವಂತಿರಲಿಲ್ಲ. ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು 1489 ಸಿಸಿ ಡೀಸೆಲ್ ಎಂಜಿನ್ನಿನ ಅಂಬಾಸಿಡರನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಜನ ಮುಗಿಬಿದ್ದರಾದರೂ, ಹೊಸ ಕಾರನ್ನು ಕೊಳ್ಳಲಾರದವರು ಹಳೆಯ ಪೆಟ್ರೋಲ್ ಕಾರಿಗೇ ಡೀಸೆಲ್ ಎಂಜಿನ್ ಕೂರಿಸುವ ಸಾಹಸಕ್ಕೆ ಇಳಿದರು. ಮ್ಯಾಟಡೋರ್ ವ್ಯಾನಿನ ಎಂಜಿನ್ ಹೊತ್ತ ಅಂಬಾಸಿಡರ್ ಹೀಗೆ ಹುಟ್ಟಿದ ತಳಿ.

ಈ ಕೆಲಸವನ್ನು ಬರಿಯ ಜೋಡಣೆ ಎನ್ನುವುದು ಅನ್ಯಾಯವಾದೀತು. ಡೀಸೆಲ್ ಎಂಜಿನ್ ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಭಾರ, ಅಲುಗಾಟದಲ್ಲಿ ಒರಟು. ಆದುದರಿಂದ ಹಳೆಯ ಗೇರುಪೆಟ್ಟಿಗೆಗೂ ಹೊಸ ಎಂಜಿನ್ನಿಗೂ ನಡುವೆ ಕೂರುವ ದಪ್ಪ ತಟ್ಟೆಯನ್ನು ಲೇತಿನಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಕಡೆಯಬೇಕಿತ್ತು, ಎಂಜಿನ್ ಕೂರುವ ರಬ್ಬರ್ ಹಿಡಿಕೆಗಳ ಜಾಗ ಬದಲಿಸಬೇಕಿತ್ತು, ಭಾರಕ್ಕೆ ಮೂಗು ತಗ್ಗಿಸಿದ ಕಾರಿನ ಮುಂಭಾಗವನ್ನು ತಿರುಚು ಸರಳುಗಳನ್ನು ಬಿಗಿಮಾಡಿ ಮೇಲೆತ್ತಬೇಕಿತ್ತು, ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಬೇಕಿತ್ತು, ಬ್ಯಾಟರಿಯನ್ನೂ ದೊಡ್ಡದು ಮಾಡಬೇಕಿತ್ತು. ನಕ್ಷೆಯಿಲ್ಲದೆ, ಕಣ್ಣಳತೆ ಮತ್ತು ಅನುಭವಗಳನ್ನೇ ನೆಚ್ಚಿ ಇವನ್ನೆಲ್ಲ ಸರಿದೂಗಿಸಿದ ಮೆಕ್ಯಾನಿಕರು ತಾಂತ್ರಿಕ ಶಿಕ್ಷಣದ ಸಂಸ್ಥೆಗಳಲ್ಲಿ ಕಲಿಯದೆಯೇ ಎಂಜಿನಿಯರುಗಳಾಗಿದ್ದರು. ಕಾನೂನಿನ ಕಣ್ಣೂ ಇದರ ಮೇಲಿತ್ತು. 1939ರ ಮೋಟಾರು ವಾಹನ ಕಾಯ್ದೆಯಂತೆ ಇಂಥ ಬದಲಾವಣೆಯನ್ನು ನೋಂದಣಿ ಅಧಿಕಾರಿಗೆ ತಿಳಿಸಿ, ಆರ್‌ಸಿ ಪುಸ್ತಕದಲ್ಲಿ ಎಂಜಿನ್ನಿನ ಹೊಸ ಸಂಖ್ಯೆಯನ್ನೂ ಇಂಧನದ ಹೆಸರನ್ನೂ ಬರೆಸಿಕೊಳ್ಳಬೇಕಾಗಿತ್ತು.

ಉಳಿತಾಯಕ್ಕೆ ತೆತ್ತ ಬೆಲೆಯೆಂದರೆ ಬೆಳಗಿನ ಹೊತ್ತಿನ ಹಟ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನವನ್ನು ಉರಿಸುವರಾದರೆ, ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು 20ಕ್ಕೂ ಹೆಚ್ಚು ಪಟ್ಟು ಒತ್ತಿದಾಗ ಅದು ತಾನಾಗಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಆ ಕಾವಿಗೆ ನೋಜಲಿನಿಂದ ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ರಾತ್ರಿಯಿಡೀ ತಣ್ಣಗಾದ ಲೋಹವು ಈ ಕಾವನ್ನು ಹೀರಿಕೊಳ್ಳುವುದರಿಂದ ಉರಿಕೋಣೆಯಲ್ಲಿ ಹೀಟರ್ ಪ್ಲಗ್ ಎಂಬ ಚಿಕ್ಕ ವಿದ್ಯುತ್ ಸುರುಳಿಗಳನ್ನು ಇರಿಸಲಾಗುತ್ತದೆ. ಚಾಲಕನು ಕೀಲಿಯನ್ನು ಅರ್ಧ ತಿರುಗಿಸಿ, ಡ್ಯಾಶ್‌ಬೋರ್ಡಿನ ಗುರುತು ಕೆಂಪಗಾಗುವವರೆಗೆ ಕಾದು, ಆಮೇಲೆ ಸೆಲ್ಫ್ ಹೊಡೆಯಬೇಕು.

ಹಿಮದ ನಾಡುಗಳಲ್ಲಿ ಚಳಿಗೆ ಡೀಸೆಲ್ಲೇ ಮೇಣದಂತೆ ಗಟ್ಟಿಯಾಗುವುದುಂಟು. ಜನವರಿಯ ನಸುಕಿನಲ್ಲಿಯೂ ಪಾದರಸ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುವ ಮಂಗಳೂರಿನಲ್ಲಿ ಆ ಭಯವಿಲ್ಲ. ಹಾಗಿದ್ದರೂ ಇಲ್ಲಿನ ಹಳೆಯ ಡೀಸೆಲ್ ಕಾರುಗಳು ಬೆಳಗ್ಗೆ ಎದ್ದೇಳಲು ಒಲ್ಲದಿದ್ದುದಕ್ಕೆ ಕಾರಣ ಚಳಿಗಿಂತ ಸವೆತ ಮತ್ತು ತೇವ. ರಿಂಗು ಸವೆದ ಎಂಜಿನ್ನಿನಲ್ಲಿ ಗಾಳಿ ಸೋರಿ ಒತ್ತಡ ಕುಸಿಯುತ್ತದೆ, ಒತ್ತಡ ಕುಸಿದರೆ ಕಾವು ಹುಟ್ಟದು. ನಾಲ್ಕು ಹೀಟರುಗಳಲ್ಲಿ ಒಂದೆರಡು ಸುಟ್ಟುಹೋಗಿದ್ದರಂತೂ ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆದರೂ ಬಿಳಿ ಹೊಗೆಯಷ್ಟೇ ಫಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ನೀರು ಬೆವರಿ ಡೀಸೆಲ್ಲಿನ ತಳಕ್ಕೆ ಇಳಿಯುತ್ತದೆ, ಬ್ಯಾಟರಿಯ ತುದಿಗಳಿಗೆ ಹಸಿರು ಕಿಲುಬು ಹತ್ತುತ್ತದೆ. ಎಣ್ಣೆಯ ಕೊಳವೆಯ ಸಂದಿನಲ್ಲಿ ಗಾಳಿ ನುಸುಳಿದರೆ ಚಾಲಕರ ಮಾತಿನಲ್ಲಿ ಗಾಡಿ 'ಏರ್ ಹಿಡಿಯುತ್ತದೆ'. ಆಗ ಫಿಲ್ಟರಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ನೊರೆ ನಿಂತು ಬರಿಯ ಡೀಸೆಲ್ ಹರಿಯುವವರೆಗೆ ಏರ್ ತೆಗೆಯಬೇಕು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಗಾಳಿ ಒಳಹೋಗುವ ಬಾಯಿಗೆ ಹಿಡಿದು ಎಂಜಿನ್ನನ್ನು ಎಬ್ಬಿಸುವ ಅಡ್ಡದಾರಿಯೂ ಬಳಕೆಯಲ್ಲಿತ್ತಾದರೂ, ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಆ ಉರಿಯಿಂದ ರಿಂಗು ಮುರಿದುಹೋಗುವ ಅಪಾಯವಿದ್ದುದರಿಂದ ಬಲ್ಲ ಮೆಕ್ಯಾನಿಕರು ಅದನ್ನು ಒಪ್ಪುತ್ತಿರಲಿಲ್ಲ.

ಎಲ್ಲಕ್ಕಿಂತ ಸುಲಭದ ಮದ್ದನ್ನು ಒದಗಿಸಿದ್ದು ಊರಿನ ನೆಲವೇ. ಕದ್ರಿ, ಬಾವುಟಗುಡ್ಡೆ, ಫಳ್ನೀರು, ಬಿಜೈಗಳ ದಿಣ್ಣೆಗಳಲ್ಲಿ ಮನೆ ಮಾಡಿದವರಿಗೆ ಇಳಿಜಾರು ದೂರವಿರಲಿಲ್ಲ. ರಾತ್ರಿ ಕಾರನ್ನು ತಗ್ಗಿಗೆ ಮುಖಮಾಡಿ ನಿಲ್ಲಿಸಿ, ಚಕ್ರಕ್ಕೆ ಮುರಕಲ್ಲಿನ ತುಂಡೊಂದನ್ನು ಅಡ್ಡ ಇಟ್ಟು, ಬೆಳಗ್ಗೆ ಕಲ್ಲು ತೆಗೆದು ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟರೆ ಬ್ಯಾಟರಿಯ ಹಂಗಿಲ್ಲದೆ ಎಂಜಿನ್ ಏಳುತ್ತಿತ್ತು. ಸಮತಟ್ಟಾದ ಬಂದರು ಪ್ರದೇಶದವರಿಗೆ ಈ ಅನುಕೂಲವಿಲ್ಲದ್ದರಿಂದ ದೂಡುವ ಕೈಗಳನ್ನೇ ಕರೆಯಬೇಕಾಗುತ್ತಿತ್ತು.

1998ರಲ್ಲಿ ಬಂದ ಟಾಟಾ ಇಂಡಿಕಾ ಡೀಸೆಲ್ ಕಾರನ್ನು ಮಧ್ಯಮ ವರ್ಗದ ಮನೆಗೆ ತಂದಿತು. ಆಮೇಲಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ, ಅಂದರೆ ಎಲ್ಲ ನೋಜಲುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಪೂರೈಸುವ ಎಂಜಿನ್ನುಗಳಲ್ಲಿ, ಹೀಟರಿನ ಲೆಕ್ಕವನ್ನು ಗಣಕವೇ ನೋಡಿಕೊಳ್ಳತೊಡಗಿತು. 2010ರಲ್ಲಿ ಪೆಟ್ರೋಲಿನ, 2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ಬೆಲೆನಿಯಂತ್ರಣವನ್ನು ಸರಕಾರ ಕೈಬಿಟ್ಟ ಮೇಲೆ ಎರಡರ ನಡುವಿನ ಅಂತರ ಕುಗ್ಗಿ, ಎಂಜಿನ್ ಬದಲಿಸುವುದಕ್ಕಿದ್ದ ಆರ್ಥಿಕ ಕಾರಣವೂ ಇಲ್ಲವಾಯಿತು. ಅಂಬಾಸಿಡರಿನ ತಯಾರಿಕೆ ನಿಂತದ್ದೂ 2014ರಲ್ಲಿಯೇ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 1988ರ ಕಾಯ್ದೆಯ 52ನೆಯ ಕಲಮನ್ನು ವ್ಯಾಖ್ಯಾನಿಸಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತ ಹೊತ್ತಿಗೆ, ಮ್ಯಾಟಡೋರ್ ಎಂಜಿನ್ನಿನ ಅಂಬಾಸಿಡರುಗಳಲ್ಲಿ ಹೆಚ್ಚಿನವು ಗುಜರಿಯ ಪಾಲಾಗಿದ್ದವು. ಅವುಗಳಿಗಾಗಿ ತಟ್ಟೆ ಕಡೆದ ಲೇತುಗಳು ಮಾತ್ರ ಮೀನುಗಾರಿಕೆ ದೋಣಿಗಳ ಡೀಸೆಲ್ ಎಂಜಿನ್ನುಗಳ ದುರಸ್ತಿಯಂಥ ಬೇರೆ ಕೆಲಸಗಳಿಗೆ ತಿರುಗಿಕೊಂಡವು.