ಆಂಬುಲೆನ್ಸ್ ಬರುವ ಹೊತ್ತು: ಇಂಗ್ಲೆಂಡಿನ ಲೆಕ್ಕದ ಬಗ್ಗೆ ಒಂದು ಟಿಪ್ಪಣಿ

2022ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಎದೆನೋವು, ಪಾರ್ಶ್ವವಾಯುವಿನಂಥ ತುರ್ತಿಗೆ ಆಂಬುಲೆನ್ಸ್ ಕರೆದವರು ಸರಾಸರಿ 1 ಗಂಟೆ 32 ನಿಮಿಷ 54 ಸೆಕೆಂಡು ಕಾದರು. ಇಂಥ ಕರೆಗಳಿಗೆ ನಿಗದಿಯಾಗಿದ್ದ ಸರಾಸರಿ 18 ನಿಮಿಷ. ಇದು ಟೀಕಾಕಾರರು ಹುಡುಕಿ ತೆಗೆದ ಅಂಕಿಯಲ್ಲ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತಾನೇ ತಿಂಗಳು ತಿಂಗಳು ಪ್ರಕಟಿಸುವ ಲೆಕ್ಕ. ಆದರೆ ಯಾವ ಗಳಿಗೆಯಿಂದ ಯಾವ ಗಳಿಗೆಯವರೆಗೆ ಎಣಿಸಿದರು ಎಂಬುದು ತಿಳಿಯದೆ ಇಂಥ ಅಂಕಿಯ ಅರ್ಥವಾಗುವುದಿಲ್ಲ. ಈ ಟಿಪ್ಪಣಿ ಮುಖ್ಯವಾಗಿ ಅದರ ಬಗ್ಗೆ.

1996ರ ಪರಾಮರ್ಶೆಯ ನಂತರ ಅಲ್ಲಿ ಬಂದ ನಿಯಮ ಸರಳವಾಗಿತ್ತು: ಪ್ರಾಣಾಪಾಯದ ಕರೆಗಳಲ್ಲಿ ಶೇ 75ಕ್ಕೆ 8 ನಿಮಿಷದೊಳಗೆ ನೆರವು ತಲುಪಬೇಕು. ಇದಕ್ಕೆ 2001ರ ಗಡುವು ಕೊಡಲಾಯಿತು. ಮುಂದಾದದ್ದನ್ನು ಗ್ವಿನ್ ಬೆವನ್ ಮತ್ತು ಕ್ರಿಸ್ಟೊಫರ್ ಹುಡ್ 2006ರ ಲೇಖನದಲ್ಲಿ ವಿವರಿಸಿದ್ದಾರೆ. ಕೆಲವು ಸೇವೆಗಳ ದಾಖಲೆಯನ್ನು ನಿಮಿಷವಾರು ನಕ್ಷೆಗಿಳಿಸಿದರೆ, 8 ನಿಮಿಷದ ಗೆರೆಯ ಹೊಸ್ತಿಲಲ್ಲಿ ಕರೆಗಳ ಸಂಖ್ಯೆ ಗೋಪುರದಂತೆ ಎದ್ದು, ಗೆರೆ ದಾಟಿದೊಡನೆ ಥಟ್ಟನೆ ಕುಸಿಯುತ್ತದೆ. ರಸ್ತೆಯ ದೂರವೂ ವಾಹನದ ವೇಗವೂ ಇಂಥ ಆಕಾರವನ್ನು ತಾವಾಗಿ ಕೊಡಲಾರವು. ಮೂರರಲ್ಲೊಂದು ಭಾಗದಷ್ಟು ಸೇವೆಗಳಲ್ಲಿ ವೇಳೆಯನ್ನು ‘ತಿದ್ದಿದ್ದ’ ಕುರುಹು ಸಿಕ್ಕಿತು.

ನನಗೆ ತಿದ್ದುಪಡಿಗಿಂತ ಹೆಚ್ಚು ಆತಂಕದ್ದಾಗಿ ಕಾಣುವುದು, ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ ಕಡೆಯೂ ಆದ ಹಾನಿ. ಎಣಿಕೆ ನಿಲ್ಲಲು ಆಂಬುಲೆನ್ಸೇ ಬರಬೇಕೆಂದಿರಲಿಲ್ಲ. ಪ್ಯಾರಾಮೆಡಿಕ್ ಒಬ್ಬರು ಕಾರಿನಲ್ಲಿ ಬಂದು ಬಾಗಿಲು ತಟ್ಟಿದರೂ ಸಾಕಿತ್ತು. ಹೃದಯ ನಿಂತವನಿಗೆ ಆ ಒಬ್ಬ ವ್ಯಕ್ತಿಯೇ ಜೀವದಾನಿ, ಎದೆಯೊತ್ತಿ ಶಾಕ್ ಕೊಡುವ ಯಂತ್ರ ಬಳಸಿದರೆ ಉಸಿರು ಮರಳಬಹುದು. ಪಾರ್ಶ್ವವಾಯು ಬಡಿದವಳ ಸ್ಥಿತಿ ಬೇರೆ. ಆಕೆಗೆ ಬೇಕಾದದ್ದು ಆಸ್ಪತ್ರೆ, ಮಿದುಳಿನ ಸ್ಕ್ಯಾನ್. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕಾರು ಬಂದಿತು, ಕಾಗದದ ಮೇಲೆ ಗುರಿ ಮುಟ್ಟಿತು, ಆಕೆ ಮಾತ್ರ ಸ್ಟ್ರೆಚರ್ ಇರುವ ವಾಹನಕ್ಕಾಗಿ ಕಾಯುತ್ತಲೇ ಇದ್ದಳು. ಮೇಲಾಗಿ, ಯಾವುದು ಮೊದಲು ತಲುಪೀತೋ ಎಂದು ಒಂದೇ ಮನೆಗೆ ಎರಡು ಮೂರು ವಾಹನ ಹೊರಡಿಸುತ್ತಿದ್ದರು. ಆ ಹೊತ್ತಿನಲ್ಲಿ ಇನ್ನೊಂದು ಮನೆಗೆ ಹೋಗಲು ವಾಹನವೇ ಇರುತ್ತಿರಲಿಲ್ಲ.

1.4 ಕೋಟಿಗೂ ಹೆಚ್ಚು ಕರೆಗಳನ್ನು ಒಳಗೊಂಡ ಪ್ರಯೋಗವನ್ನು ಶೆಫೀಲ್ಡ್ ವಿಶ್ವವಿದ್ಯಾಲಯ ಪರಿಶೀಲಿಸಿದ ಮೇಲೆ, 2017ರಲ್ಲಿ ಈ ಪದ್ಧತಿ ಬದಲಾಯಿತು. ಕರೆಗಳನ್ನು ನಾಲ್ಕು ವರ್ಗ ಮಾಡಿದರು. ಹೃದಯ ನಿಂತಂಥ ಮೊದಲ ವರ್ಗಕ್ಕೆ ಸರಾಸರಿ 7 ನಿಮಿಷ, ಹತ್ತರಲ್ಲಿ ಒಂಬತ್ತು ಕರೆಗೆ 15 ನಿಮಿಷದೊಳಗೆ. ಎರಡನೆಯದಕ್ಕೆ ಸರಾಸರಿ 18, ಹತ್ತರಲ್ಲಿ ಒಂಬತ್ತಕ್ಕೆ 40. ಎರಡನೆಯ ವರ್ಗದ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಿದ್ದರೆ, ಒಯ್ಯುವ ವಾಹನ ಬಂದಾಗಲೇ ಎಣಿಕೆ ನಿಲ್ಲಬೇಕು. ಇದು ನಿಜಕ್ಕೂ ರೋಗಿಯ ಪಕ್ಷದ ತಿದ್ದುಪಡಿ. ಎಣಿಕೆ ಶುರುವಾಗುವ ತುದಿಯಲ್ಲಿ ಮಾತ್ರ ಒಂದು ಸಡಿಲ ಉಳಿಯಿತು. ಮೊದಲ ವರ್ಗದ್ದಲ್ಲದ ಕರೆಗಳಲ್ಲಿ ತೊಂದರೆಯೇನೆಂದು ಗುರುತಿಸಲು 240 ಸೆಕೆಂಡುಗಳವರೆಗೆ ಅವಕಾಶವಿದ್ದು, ಆ ನಾಲ್ಕು ನಿಮಿಷ ಲೆಕ್ಕದಿಂದ ಹೊರಗಿರಬಹುದು. ಸರಿಯಾದ ವಾಹನವನ್ನು ಸರಿಯಾದ ಕಡೆ ಕಳಿಸಲು ಈ ಬಿಡುವು ಬೇಕು, ಒಪ್ಪತಕ್ಕದ್ದೇ. ಫೋನ್ ಹಿಡಿದು ನಿಂತವರಿಗೆ ಆ ನಿಮಿಷಗಳೂ ಕಾಯುವಿಕೆಯೇ ಎಂಬುದನ್ನು ಓದುಗ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಸರಾಸರಿಯ ಜೊತೆಗೆ ‘ಹತ್ತರಲ್ಲಿ ಒಂಬತ್ತು’ ಎಂಬ ಎರಡನೆಯ ಅಳತೆ ಏಕೆಂಬುದನ್ನೂ ಹೇಳಬೇಕು. ಪೇಟೆಯ ನಡುವೆ ಬೇಗ ಸಿಕ್ಕ ಆಂಬುಲೆನ್ಸುಗಳು ಸರಾಸರಿಯನ್ನು ಇಳಿಸುತ್ತವೆ, ದೂರದ ಹಳ್ಳಿಯ ಮನೆ ಅದರಲ್ಲಿ ಅಡಗಿಹೋಗುತ್ತದೆ. ಎರಡನೆಯ ಅಳತೆ ಆ ಮನೆಯ ಹತ್ತಿರಕ್ಕಾದರೂ ಹೋಗುತ್ತದೆ.

ಇಷ್ಟು ಸುಧಾರಿಸಿದ ಅಳತೆಯಲ್ಲೂ 2022ರ ಚಳಿಗಾಲ ಅಷ್ಟು ಭೀಕರವಾಗಿ ಕಂಡದ್ದಕ್ಕೆ ಕಾರಣ ರಸ್ತೆಯ ಮೇಲಿರಲಿಲ್ಲ. ಫ್ಲೂ ಜ್ವರ ಜೋರಾಗಿತ್ತು, ಸಿಬ್ಬಂದಿಯ ಮುಷ್ಕರವೂ ನಡೆದಿತ್ತು. ಮೂಲ ತೊಡಕು ಆಸ್ಪತ್ರೆಯ ಬಾಗಿಲಲ್ಲಿತ್ತು. ಬಂದ ರೋಗಿಯನ್ನು 15 ನಿಮಿಷದಲ್ಲಿ ಒಳಗೆ ಒಪ್ಪಿಸಿಕೊಳ್ಳಬೇಕೆಂಬುದು ನಿಯಮ. ಒಳಗೆ ಹಾಸಿಗೆ ಖಾಲಿಯಿರಲಿಲ್ಲ. ಗುಣವಾಗಿ ಮನೆಗೆ ಹೋಗಬಹುದಾಗಿದ್ದ 13,000ಕ್ಕೂ ಹೆಚ್ಚು ಮಂದಿ, ಹೊರಗೆ ಆರೈಕೆಯ ಏರ್ಪಾಡಿಲ್ಲದೆ ಮತ್ತಿತರ ಕಾರಣಗಳಿಂದ, ವಾರ್ಡುಗಳಲ್ಲೇ ಉಳಿದಿದ್ದರು. ಹೀಗಾಗಿ ಆಂಬುಲೆನ್ಸುಗಳು ರೋಗಿಯನ್ನು ಒಳಗಿಟ್ಟುಕೊಂಡೇ ಆಸ್ಪತ್ರೆಯೆದುರು ಸಾಲುಗಟ್ಟಿ ನಿಂತವು. ಮುದುಕರೊಬ್ಬರನ್ನು ಮನೆಯಲ್ಲಿ ನೋಡಿಕೊಳ್ಳುವ ದಾದಿ ಸಿಗದಿದ್ದರೆ, ಮೈಲುಗಳಾಚೆ ಎದೆ ಹಿಡಿದು ಕುಳಿತವನಿಗೆ ವಾಹನ ತಡವಾಗುತ್ತದೆ. ಈ ಸರಪಳಿಯನ್ನು ಬಿಟ್ಟು ವಾಹನವನ್ನಷ್ಟೇ ಕೊಂಡರೆ ಆ ಸಾಲು ಇನ್ನಷ್ಟು ಉದ್ದವಾಗಬಹುದಷ್ಟೆ. 2023ರಲ್ಲಿ ಎರಡನೆಯ ವರ್ಗದ ಗುರಿಯನ್ನು ತಾತ್ಕಾಲಿಕವಾಗಿ 30 ನಿಮಿಷಕ್ಕೆ ಸಡಿಲಿಸಿದರು, 2023-24ರ ಸರಾಸರಿ ಅದನ್ನೂ ಮೀರಿತು.

ಕರ್ನಾಟಕದಲ್ಲಿ 108ರ ‘ಆರೋಗ್ಯ ಕವಚ’ 2008ರ ನವೆಂಬರ್‌ನಲ್ಲಿ ಶುರುವಾಯಿತು. ಇಲ್ಲಿನ ಅಂಕಿಗಳನ್ನು ಓದುವಾಗಲೂ ಇವೇ ಪ್ರಶ್ನೆಗಳನ್ನು ಕೇಳಬೇಕು, ಇಲ್ಲಿಗೇ ವಿಶಿಷ್ಟವಾದ ಎರಡನ್ನು ಸೇರಿಸಿಕೊಂಡು. ಒಂದು, ಜಾಗ ಗುರುತಿಸುವ ಹೊತ್ತು. ಹೊಸಹಳ್ಳಿಯೆಂಬ ಊರು ನಮ್ಮಲ್ಲಿ ಹಲವಾರಿವೆ. ಗಾಬರಿಯಲ್ಲಿರುವವರು ಹೋಬಳಿ, ತಾಲ್ಲೂಕು ಹೇಳಿ ಮುಗಿಸುವಷ್ಟರಲ್ಲಿ ಕಳೆದ ನಿಮಿಷಗಳು ಎಣಿಕೆಯ ಒಳಗಿವೆಯೇ? ಇನ್ನೊಂದು, ವಾಹನ ನಿಂತಲ್ಲಿಂದ ರೋಗಿಯವರೆಗಿನ ಹಾದಿ. ಮಲೆನಾಡಿನ ಒಂಟಿಮನೆಗಳಲ್ಲಿ ಬೇನೆ ತಿನ್ನುತ್ತಿರುವ ಬಸುರಿಯನ್ನು ರಸ್ತೆವರೆಗೆ ಹೊತ್ತು ತರಬೇಕಾಗುತ್ತದೆ, ವಾಹನ ‘ತಲುಪಿದೆ’ ಎಂದು ನಮೂದಾದ ಮೇಲೂ. ಕರೆ ಬಂದದ್ದು, ವಾಹನ ಹೊರಟದ್ದು, ರಸ್ತೆಗೆ ಬಂದದ್ದು, ರೋಗಿಯನ್ನು ಮುಟ್ಟಿದ್ದು, ಆಸ್ಪತ್ರೆಗೆ ಒಪ್ಪಿಸಿದ್ದು: ಈ ಐದು ವೇಳೆಗಳನ್ನು ಬೇರೆ ಬೇರೆಯಾಗಿ, ತಾಲ್ಲೂಕುವಾರು, ಸರಾಸರಿಯೊಂದಿಗೆ ಹತ್ತರಲ್ಲಿ ಒಂಬತ್ತರ ಲೆಕ್ಕವನ್ನೂ ಕೊಟ್ಟು ಪ್ರತಿ ತಿಂಗಳು ಪ್ರಕಟಿಸಿದರೆ, ತಡ ಎಲ್ಲಿ ಆಗುತ್ತಿದೆ ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಯೂ ಪತ್ರಕರ್ತರೂ ಒಂದೇ ಪುಟದಲ್ಲಿ ನೋಡಬಹುದು.